ಮನೆಯ ಪ್ಲಾಸ್ಟಿಕ್‌ನಲ್ಲಿ ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬಹುದು?

ಮೂರು ನಾಲ್ಕು ವರ್ಷ ದಿನಾ ಬಳಸಿದ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಗಾಜಿನ ಹಾಗೆ ಹೊಳೆಯುತ್ತಿದ್ದ ಒಳಮೈ ಈಗ ಮಂಜು ಕವಿದ ಹಾಗೆ ಕಾಣುತ್ತದೆ. ತಳದಲ್ಲಿ ಚಮಚ ಕೆರೆದ ಗೀರುಗಳು. ಮೂಲೆಗಳಲ್ಲಿ ಎಷ್ಟು ತೊಳೆದರೂ ಹೋಗದ ಹಳದಿ. ಬೆರಳಾಡಿಸಿದರೆ ತರಿತರಿ. ಆ ನುಣುಪು ಎಲ್ಲಿಗೆ ಹೋಯಿತು? ಒಂದಷ್ಟು ಸಿಂಕಿಗೆ, ಒಂದಷ್ಟು ನಮ್ಮ ಹೊಟ್ಟೆಗೆ.

ಇದು ತಲೆಗೆ ಹೊಳೆದ ದಿನ ನಾನು ಇಡೀ ಅಡುಗೆಮನೆ ಖಾಲಿ ಮಾಡಲು ಹೊರಟಿದ್ದೆ. ಡಬ್ಬಿ, ಬುಟ್ಟಿ, ಜಗ್ಗು, ಜರಡಿ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕೂತೆ. ಅರ್ಧ ಗಂಟೆ ಆದಮೇಲೆ ಸುಮ್ನೆ ಎದ್ದು ಅರ್ಧದಷ್ಟನ್ನು ವಾಪಸ್ ಜೋಡಿಸಿದೆ. ಯಾಕೆಂದರೆ ಬೇಳೆ ತುಂಬಿಟ್ಟ ಡಬ್ಬಿಯೂ, ಕುದಿಯುವ ಸಾರು ಸುರಿಯುವ ಡಬ್ಬಿಯೂ ಒಂದೇ ಅಲ್ಲ. ಎರಡೂ ಪ್ಲಾಸ್ಟಿಕ್ ನಿಜ, ಆದರೆ ಉದುರಿಸುವ ಕಣಗಳ ಲೆಕ್ಕದಲ್ಲಿ ಅಜಗಜಾಂತರ. ಎಲ್ಲವನ್ನೂ ಒಂದೇ ದಿನ ಬಿಸಾಡುವುದಕ್ಕಿಂತ ಯಾವುದು ಜಾಸ್ತಿ ಕೆಟ್ಟದ್ದು ಅಂತ ಹೋಲಿಸಿ ನೋಡುವುದು ಒಳ್ಳೆಯದು. ಈ ಬರಹ ಆ ಹೋಲಿಕೆಗೆ.

ಮೊದಲು ಹೆಸರಿನ ವಿಷಯ ಮುಗಿಸೋಣ. 5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು ಮೈಕ್ರೋಪ್ಲಾಸ್ಟಿಕ್. 1 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದಾದರೆ ನ್ಯಾನೋಪ್ಲಾಸ್ಟಿಕ್. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಅವರ ಜೊತೆಗಾರರು 2004ರಲ್ಲಿ ಸಮುದ್ರದ ಮರಳಿನಲ್ಲಿ ಇಂಥ ಚೂರುಗಳನ್ನು ತೋರಿಸಿದ ಮೇಲೆ ಈ ಪದ ಎಲ್ಲರ ಬಾಯಿಗೆ ಬಂತು. ಆಗ ಅದು ಮೀನಿನ ಸಮಸ್ಯೆ ಅನ್ನಿಸಿತ್ತು. ಈಗ ನಮ್ಮದೂ ಹೌದು.

ಆರೋಗ್ಯಕ್ಕೆ ಎಷ್ಟು ಕೆಟ್ಟದ್ದು?

ಇಲ್ಲಿ ಎರಡು ಗುಂಪು. ಒಬ್ಬರು "ನಾಳೆಯೇ ಸಾಯುತ್ತೀರಿ" ಅನ್ನುತ್ತಾರೆ, ಇನ್ನೊಬ್ಬರು "ಇದೆಲ್ಲ ಸುಳ್ಳು" ಅನ್ನುತ್ತಾರೆ. ಎರಡೂ ಸರಿಯಲ್ಲ.

ದೇಹದೊಳಗೆ ಪ್ಲಾಸ್ಟಿಕ್ ಇದೆ ಅನ್ನುವುದಕ್ಕೆ ಪುರಾವೆ ಇದೆ. 2022ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು 22 ಜನರ ರಕ್ತ ಪರೀಕ್ಷಿಸಿದಾಗ 17 ಜನರಲ್ಲಿ ಅಳೆಯುವಷ್ಟು ಪ್ಲಾಸ್ಟಿಕ್ ಸಿಕ್ಕಿತು. ಅದಕ್ಕಿಂತ ಗಂಭೀರವಾದದ್ದು 2024ರ ಇಟಲಿಯ ಅಧ್ಯಯನ. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಗಟ್ಟಿಯನ್ನು ಆಪರೇಷನ್ ಮಾಡಿ ತೆಗೆಸಿಕೊಂಡ 257 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ ನೋಡಿದರು. ಆ ಗಟ್ಟಿಯಲ್ಲಿ ಪ್ಲಾಸ್ಟಿಕ್ ಇದ್ದ 150 ಜನರಲ್ಲಿ 30 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಬಂತು. ಪ್ಲಾಸ್ಟಿಕ್ ಸಿಗದ 107 ಜನರಲ್ಲಿ ಅದೇ ಲೆಕ್ಕ ಬರೀ 8. ವ್ಯತ್ಯಾಸ ದೊಡ್ಡದೇ. ಹಾಗಂತ ಪ್ಲಾಸ್ಟಿಕ್ಕೇ ಕಾರಣ ಅಂತ ಈ ಅಧ್ಯಯನ ಸಾಬೀತು ಮಾಡಲಿಲ್ಲ. ಜಾಸ್ತಿ ಪ್ಲಾಸ್ಟಿಕ್ ಮೈಗೆ ಸೇರುವಂಥ ಬದುಕು ಬದುಕುವವರಿಗೆ ಬೇರೆ ತೊಂದರೆಗಳೂ ಇರಬಹುದು ಅಲ್ವಾ? ಬರೆದವರೇ ಅದನ್ನು ಒಪ್ಪಿಕೊಂಡಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ, ಅಪಾಯ ಎಷ್ಟು ಅಂತ ತೀರ್ಮಾನಿಸಲು ಇರುವ ಪುರಾವೆ ಸಾಲದು ಎಂದಿತು. ಸಾಲದು ಅಂದರೆ ಅಪಾಯ ಇಲ್ಲ ಅಂತಲ್ಲ.

ಇನ್ನು ವಾರಕ್ಕೆ ಒಂದು ಕ್ರೆಡಿಟ್ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ ಅನ್ನುವ ಮಾತು. ಇದನ್ನು ನೀವೂ ಕೇಳಿರುತ್ತೀರಿ. 2019ರ ಒಂದು ಅಂದಾಜಿನಿಂದ ಬಂದದ್ದು ಅದು, ವಾರಕ್ಕೆ 5 ಗ್ರಾಂ ತನಕ ಅಂತ. ಎರಡು ವರ್ಷದ ನಂತರ ಬೇರೆ ತಂಡ ಬೇರೆ ವಿಧಾನದಲ್ಲಿ ಲೆಕ್ಕ ಹಾಕಿದಾಗ ವಾರಕ್ಕೆ ಕೆಲವೇ ಮೈಕ್ರೋಗ್ರಾಂ ಬಂತು. ಗ್ರಾಂ ಎಲ್ಲಿ, ಅದರ ಹತ್ತು ಲಕ್ಷದ ಒಂದು ಪಾಲು ಎಲ್ಲಿ! ಹಾಗಾಗಿ ಯಾರಾದರೂ ಕ್ರೆಡಿಟ್ ಕಾರ್ಡ್ ತೋರಿಸಿ ನಿಮಗೆ ಏನಾದರೂ ಮಾರಲು ಬಂದರೆ ಸ್ವಲ್ಪ ನಿಲ್ಲಿ.

ಹೋಲಿಸುವುದು ಹೇಗೆ

ನಾನು ಯಾವ ವಸ್ತು ನೋಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದಕ್ಕೆ ಬಿಸಿ ತಾಗುತ್ತದೆಯೇ? ಇದು ಉಜ್ಜಿ, ಕೆರೆದು, ಕತ್ತರಿಸಿ ಸವೆಯುತ್ತದೆಯೇ? ದಿನಾ ಬಳಸುತ್ತೇನೆಯೇ? ಮೂರಕ್ಕೂ ಹೌದು ಅಂದರೆ ಅದು ಮೊದಲು ಹೋಗಬೇಕು. ಮೂರಕ್ಕೂ ಇಲ್ಲ ಅಂದರೆ ಅದರ ಪಾಡಿಗೆ ಇರಲಿ.

ಒಂದು ಎಚ್ಚರಿಕೆ. ಮುಂದೆ ಲಕ್ಷ, ಕೋಟಿ ಅಂತೆಲ್ಲ ಸಂಖ್ಯೆಗಳು ಬರುತ್ತವೆ. ಒಂದು ಅಧ್ಯಯನದ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬೇಡಿ. ದೊಡ್ಡ ರಂಧ್ರದ ಜರಡಿ ಹಿಡಿದು ಎಣಿಸಿದವರಿಗೆ ಹತ್ತು ಕಾಳು ಸಿಗುತ್ತದೆ, ಸಣ್ಣ ರಂಧ್ರದ ಜರಡಿಯವರಿಗೆ ಹತ್ತು ಲಕ್ಷ. ವಸ್ತು ಅದೇ. ಉದಾಹರಣೆಗೆ ಬಾಟಲಿ ನೀರನ್ನೇ ತೆಗೆದುಕೊಳ್ಳಿ. 2018ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ವಿಶ್ವವಿದ್ಯಾಲಯದವರು 259 ಬಾಟಲಿ ನೋಡಿ ಲೀಟರಿಗೆ ಸರಾಸರಿ 325 ಕಣ ಅಂದರು. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊಸ ಲೇಸರ್ ವಿಧಾನದಲ್ಲಿ ನೋಡಿ ಲೀಟರಿಗೆ ಸುಮಾರು 2 ಲಕ್ಷ 40 ಸಾವಿರ ಅಂದರು, ಅದರಲ್ಲಿ ಶೇಕಡಾ 90 ನ್ಯಾನೋ ಗಾತ್ರದ್ದು. ಆರು ವರ್ಷದಲ್ಲಿ ನೀರು ಅಷ್ಟು ಕೆಟ್ಟುಹೋಗಲಿಲ್ಲ, ಕಣ್ಣು ಚುರುಕಾಯಿತು ಅಷ್ಟೆ.

ಕುಡಿಯುವ ನೀರು: ಬಾಟಲಿಯೋ, ನಲ್ಲಿಯೋ, ಫಿಲ್ಟರೋ?

ನೀರನ್ನು ಮೊದಲು ಹಿಡಿದಿದ್ದೇನೆ, ಯಾಕೆಂದರೆ ದಿನಕ್ಕೆ ಎರಡು ಮೂರು ಲೀಟರ್ ಒಳಗೆ ಹೋಗುವುದು ಇದೊಂದೇ.

ಪ್ಲಾಸ್ಟಿಕ್ ಬಾಟಲಿ ನೀರು ನನ್ನ ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿದೆ. ಬಾಟಲಿಯೇ ಕಣ ಬಿಡುತ್ತದೆ ಅನ್ನುವುದು ಒಂದು. ಮುಚ್ಚಳವನ್ನು ತಿರುಗಿಸಿ ತೆಗೆದು ಹಾಕುವಾಗ ಅದು ಬಾಯಿಯ ಅಂಚಿಗೆ ಉಜ್ಜಿ ಪುಡಿ ಉದುರಿಸುತ್ತದೆ ಅನ್ನುವುದು ಇನ್ನೊಂದು. ಕೊಲಂಬಿಯಾದವರಿಗೆ ಬಾಟಲಿಯ ಪ್ಲಾಸ್ಟಿಕ್ ಅಲ್ಲದೆ ನೈಲಾನ್ ಜಾತಿಯ ಕಣಗಳೂ ಸಿಕ್ಕಿದ್ದವು, ಅದು ಕಾರ್ಖಾನೆಯಲ್ಲಿ ನೀರು ಶುದ್ಧ ಮಾಡುವ ಫಿಲ್ಟರ್‌ನಿಂದಲೇ ಬಂದಿರಬಹುದು ಅನ್ನುವುದು ಅವರ ಊಹೆ. ಪ್ರಯಾಣದಲ್ಲಿ ಬೇರೆ ಗತಿ ಇಲ್ಲದಿದ್ದರೆ ಖಂಡಿತ ಕುಡಿಯಿರಿ, ಕೆಟ್ಟ ನೀರು ಕುಡಿದು ಭೇದಿ ಹತ್ತಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಮನೆಯಲ್ಲಿ ಕೂತು ದಿನಾ ಬಾಟಲಿ ನೀರು ಕುಡಿಯುವುದಕ್ಕೆ ಕಾರಣ ಬೇಕು. ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಖಾಲಿಯಾದದ್ದನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ತುಂಬಬೇಡಿ.

ಹಾಗಾದರೆ ಗಾಜಿನ ಬಾಟಲಿ ಒಳ್ಳೆಯದಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆಯವರು ಅಂಗಡಿಯ ಪಾನೀಯಗಳನ್ನು ಪರೀಕ್ಷಿಸಿದರು. ಗಾಜಿನ ಬಾಟಲಿಯ ಕೋಲಾ, ಐಸ್ ಟೀ, ಬಿಯರ್‌ಗಳಲ್ಲಿ ಲೀಟರಿಗೆ ಸುಮಾರು 100 ಕಣ ಸಿಕ್ಕಿತು. ಪ್ಲಾಸ್ಟಿಕ್ ಬಾಟಲಿ, ಡಬ್ಬಗಳಿಗಿಂತ 5ರಿಂದ 50 ಪಟ್ಟು ಜಾಸ್ತಿ! ಕಳ್ಳ ಯಾರು ಗೊತ್ತಾ? ಗಾಜಲ್ಲ, ಲೋಹದ ಮುಚ್ಚಳದ ಹೊರಗೆ ಬಳಿದ ಬಣ್ಣ. ಮುಚ್ಚಳಗಳನ್ನು ರಾಶಿ ಹಾಕಿ ಸಾಗಿಸುವಾಗ ಒಂದಕ್ಕೊಂದು ಉಜ್ಜಿ ಬಣ್ಣ ಪುಡಿಯಾಗಿ ಅಂಟಿಕೊಳ್ಳುತ್ತದೆ, ಮುಚ್ಚಿದಾಗ ಒಳಗೆ ಬೀಳುತ್ತದೆ. ಮುಚ್ಚುವ ಮುಂಚೆ ಗಾಳಿ ಊದಿ ತೊಳೆದಾಗ ಕಣಗಳು ಶೇಕಡಾ 60ರಷ್ಟು ಕಮ್ಮಿಯಾದವು. ಅಂದರೆ ಅಂಗಡಿಯಿಂದ ತರುವ ಗಾಜಿನ ಬಾಟಲಿ ಬೇರೆ, ನೀವು ಮನೆಯಲ್ಲಿ ತುಂಬಿಡುವ ಗಾಜಿನ ಬಾಟಲಿ ಬೇರೆ. ಎರಡನೆಯದರ ಮೇಲೆ ತಕರಾರಿಲ್ಲ.

ಈಗ ಫಿಲ್ಟರ್‌ಗಳು. ಇದರಲ್ಲಿ ಮಾರುವವರು ಹೇಳುವುದೇ ಒಂದು, ಒಳಗೆ ನಡೆಯುವುದೇ ಒಂದು.

ಯುವಿ, ಅಂದರೆ ಅತಿನೇರಳೆ ಬೆಳಕು ಇರುವ ಫಿಲ್ಟರ್ ಕ್ರಿಮಿ ಕೊಲ್ಲುತ್ತದೆ. ಪ್ಲಾಸ್ಟಿಕ್ ಕಣಕ್ಕೆ ಏನೂ ಮಾಡುವುದಿಲ್ಲ. ಬೆಳಕು ಹಾದುಹೋಗುತ್ತದೆ, ಕಣ ಅಲ್ಲೇ ಇರುತ್ತದೆ. ಯುವಿ ಒಂದೇ ಇದ್ದರೆ ನಮ್ಮ ಲೆಕ್ಕಕ್ಕೆ ಅದು ಸೊನ್ನೆ.

ಜಗ್ಗಿನ ಮೇಲೆ ಕೂರಿಸುವ ಸಾದಾ ಇದ್ದಿಲು ಫಿಲ್ಟರ್ ದೊಡ್ಡ ಕಣ ಹಿಡಿಯಬಹುದು. ಸಡಿಲವಾಗಿ ತುಂಬಿದ ಇದ್ದಿಲ ಹರಳುಗಳ ನಡುವೆ ಸಣ್ಣದು ಸುಲಭವಾಗಿ ನುಸುಳುತ್ತದೆ. ಗಟ್ಟಿಯಾಗಿ ಒತ್ತಿ ಮಾಡಿದ ಕಾರ್ಬನ್ ಬ್ಲಾಕ್ ಬೇರೆ ಜಾತಿ. ಅದರಲ್ಲಿ ರಂಧ್ರ 1 ಮೈಕ್ರಾನ್ ಅಥವಾ ಅರ್ಧ ಮೈಕ್ರಾನ್ ಇರುವವು ಸಿಗುತ್ತವೆ. ಕೊಳ್ಳುವಾಗ ಎನ್‌ಎಸ್‌ಎಫ್ 401 ಎಂಬ ಅಮೆರಿಕದ ಮಾನದಂಡದಲ್ಲಿ ಮೈಕ್ರೋಪ್ಲಾಸ್ಟಿಕ್‌ಗೆ ಪರೀಕ್ಷೆ ಆಗಿದೆಯೇ ನೋಡಿ. ಡಬ್ಬದ ಮೇಲೆ ಸುಮ್ನೆ "99 ಶೇಕಡಾ" ಅಂತ ಬರೆದಿದ್ದರೆ ಯಾವುದರಲ್ಲಿ 99 ಅಂತ ಕೇಳಿ.

ಯುಎಫ್, ಅಂದರೆ ಅಲ್ಟ್ರಾಫಿಲ್ಟ್ರೇಶನ್ ಪೊರೆಯ ರಂಧ್ರ ಸುಮಾರು 0.01 ಮೈಕ್ರಾನ್. ಮೈಕ್ರೋಪ್ಲಾಸ್ಟಿಕ್ ಪೂರ್ತಿ ನಿಲ್ಲುತ್ತದೆ, ನ್ಯಾನೋದಲ್ಲೂ ಬಹುಪಾಲು. ಖನಿಜ ಉಳಿಯುತ್ತದೆ, ನೀರು ಪೋಲಾಗುವುದು ಕಮ್ಮಿ. ಆರ್‌ಒ, ಅಂದರೆ ರಿವರ್ಸ್ ಆಸ್ಮೋಸಿಸ್ ಪೊರೆ ಅದಕ್ಕಿಂತ ನೂರು ಪಟ್ಟು ಸಣ್ಣ ರಂಧ್ರದ್ದು, 0.0001 ಮೈಕ್ರಾನ್ ಲೆಕ್ಕದ್ದು. ಕಣ ತಡೆಯುವುದರಲ್ಲಿ ಅದೇ ರಾಜ. ಆದರೆ ಪೊರೆಯೂ ಪ್ಲಾಸ್ಟಿಕ್ಕೇ, ಶುದ್ಧವಾದ ನೀರು ಕೂರುವ ತೊಟ್ಟಿಯೂ ಬಹಳ ಸಲ ಪ್ಲಾಸ್ಟಿಕ್ಕೇ. ಜೊತೆಗೆ ಖನಿಜವೂ ಹೋಗುತ್ತದೆ, ಬಕೆಟ್‌ಗಟ್ಟಲೆ ನೀರು ಚರಂಡಿಗೆ ಹೋಗುತ್ತದೆ. ನಿಮ್ಮ ನೀರಲ್ಲಿ ಉಪ್ಪಿನಂಶ, ಫ್ಲೋರೈಡ್ ತೊಂದರೆ ಇದ್ದು ಆರ್‌ಒ ಹೇಗೂ ಬೇಕು ಅಂದರೆ ಸರಿ. ಬರೀ ಪ್ಲಾಸ್ಟಿಕ್ ಭಯಕ್ಕೆ ಆರ್‌ಒ ಹಾಕಿಸುವುದು ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ. ಯುಎಫ್ ಅಥವಾ ಒಳ್ಳೆ ಕಾರ್ಬನ್ ಬ್ಲಾಕ್ ಸಾಕು. ಯಾವುದೇ ಆದರೂ ಕಾರ್ಟ್ರಿಡ್ಜ್ ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಎಲ್ಲ ವ್ಯರ್ಥ.

ದುಡ್ಡೇ ಖರ್ಚಿಲ್ಲದ ಒಂದು ದಾರಿಯೂ ಇದೆ. ಕುದಿಸುವುದು. 2024ರಲ್ಲಿ ಚೀನಾದ ಗುವಾಂಗ್‌ಝೌ ವಿಜ್ಞಾನಿಗಳು ನಲ್ಲಿ ನೀರನ್ನು ಐದು ನಿಮಿಷ ಕುದಿಸಿ ತಣ್ಣಗೆ ಮಾಡಿ ನೋಡಿದರು. ಗಡಸು ನೀರಿನಲ್ಲಿ, ಅಂದರೆ ಲೀಟರಿಗೆ 300 ಮಿಲಿಗ್ರಾಂ ಸುಣ್ಣದಂಶ ಇರುವ ನೀರಿನಲ್ಲಿ, ಪ್ಲಾಸ್ಟಿಕ್ ಕಣ ಶೇಕಡಾ 90ರ ತನಕ ಕಮ್ಮಿಯಾಯಿತು. ಮೆದು ನೀರಿನಲ್ಲಿ ಶೇಕಡಾ 25 ಅಷ್ಟೆ. ಕೆಲಸ ಮಾಡುವುದು ಸುಣ್ಣ. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುವುದು ನೋಡಿದ್ದೀರಲ್ಲ, ನಾವೆಲ್ಲ ಬೈದುಕೊಂಡು ಹುಣಸೆಹಣ್ಣು ಹಾಕಿ ಉಜ್ಜುವ ಆ ಪೊರೆ, ಅದು ಗಟ್ಟಿಯಾಗುವಾಗ ಸುತ್ತ ತೇಲುವ ಪ್ಲಾಸ್ಟಿಕ್ ಕಣಗಳನ್ನು ತನ್ನೊಳಗೆ ಹಿಡಿದು ಹಾಕುತ್ತದೆ. ನೀವು ಮಾಡಬೇಕಾದದ್ದು ಇಷ್ಟೆ: ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಅಲ್ಲಾಡಿಸದೆ ತಣ್ಣಗಾಗಲು ಬಿಡಿ, ಮೇಲಿನ ನೀರನ್ನು ಕಾಫಿ ಸೋಸುವ ಕಾಗದದ ಫಿಲ್ಟರ್‌ನಲ್ಲಿ ಸೋಸಿ, ತಳದ ಒಂದಿಷ್ಟನ್ನು ಚೆಲ್ಲಿಬಿಡಿ. ಪ್ಲಾಸ್ಟಿಕ್ ಕೆಟಲ್‌ನಲ್ಲಿ ಕುದಿಸಿದರೆ ಕಥೆ ಮುಗಿಯಿತು, ಒಂದು ಕಡೆ ತೆಗೆದು ಇನ್ನೊಂದು ಕಡೆ ಹಾಕಿದ ಹಾಗೆ.

ನನ್ನ ಆಯ್ಕೆ ಕೇಳಿದರೆ, ಗಡಸು ನೀರಿದ್ದವರು ಕುದಿಸಿ ಸೋಸಿ, ಮೆದು ನೀರಿದ್ದವರು ಯುಎಫ್ ಅಥವಾ ಕಾರ್ಬನ್ ಬ್ಲಾಕ್ ಹಾಕಿಸಿ. ತುಂಬಿಡಲು ಸ್ಟೀಲ್ ಅಥವಾ ಗಾಜು.

ಬಿಸಿ ಊಟ, ಬಿಸಿ ಪಾನೀಯ

ಒಂದೇ ಒಂದು ಅಭ್ಯಾಸ ಬದಲಿಸಲು ಮನಸ್ಸಿದ್ದರೆ ಇಲ್ಲಿಂದ ಶುರು ಮಾಡಿ.

ಮೈಕ್ರೋವೇವ್ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 2023ರಲ್ಲಿ ಮಕ್ಕಳ ಆಹಾರದ ಪ್ಲಾಸ್ಟಿಕ್ ಡಬ್ಬಿಗಳನ್ನು ಮೂರು ನಿಮಿಷ ಮೈಕ್ರೋವೇವ್ ಮಾಡಿ ಎಣಿಸಿದರು. ಕೆಲವು ಡಬ್ಬಿಗಳಲ್ಲಿ ಒಂದು ಚದರ ಸೆಂಟಿಮೀಟರಿನಿಂದ 42 ಲಕ್ಷ ಮೈಕ್ರೋ ಕಣ ಮತ್ತು 211 ಕೋಟಿ ನ್ಯಾನೋ ಕಣಗಳ ತನಕ ಹೊರಬಂದವು. ಒಂದು ಚದರ ಸೆಂಟಿಮೀಟರ್ ಅಂದರೆ ನಿಮ್ಮ ಕಿರುಬೆರಳ ಉಗುರಿನಷ್ಟು. "ಮೈಕ್ರೋವೇವ್ ಸೇಫ್" ಅಂತ ತಳದಲ್ಲಿ ಬರೆದಿದೆಯಲ್ಲ ಅನ್ನುತ್ತೀರಾ? ಡಬ್ಬಿ ಕರಗುವುದಿಲ್ಲ, ಸೊಟ್ಟಗಾಗುವುದಿಲ್ಲ, ರಾಸಾಯನಿಕ ಮಿತಿ ಮೀರುವುದಿಲ್ಲ ಅನ್ನುವ ಅರ್ಥದ ಮಾತು ಅದು. ಕಣ ಉದುರುವುದಿಲ್ಲ ಅಂತ ಅಲ್ಲ.

ಬದಲಿಗೆ ಏನು? ಮೈಕ್ರೋವೇವ್‌ಗೆ ಗಾಜು ಅಥವಾ ಪಿಂಗಾಣಿ. ಒಲೆಗೆ ಸ್ಟೀಲ್. ಗಾಜಿನ ಡಬ್ಬಿಗೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಪರವಾಗಿಲ್ಲ, ಬಿಸಿ ಮಾಡುವಾಗ ತೆಗೆದಿಟ್ಟು ಮೇಲೆ ಒಂದು ತಟ್ಟೆ ಮುಚ್ಚಿ. ಗಾಜು ಭಾರ, ಬಿದ್ದರೆ ಒಡೆಯುತ್ತದೆ, ಚೀಲದಲ್ಲಿ ಹೊತ್ತೊಯ್ಯುವವರಿಗೆ ಕಷ್ಟ. ಅವರಿಗೆ ಸ್ಟೀಲ್ ಡಬ್ಬಿಯೇ ಸರಿ, ಬಿಸಿ ಮಾಡಬೇಕಾದಾಗ ತಟ್ಟೆಗೆ ಬಗ್ಗಿಸಿಕೊಂಡರಾಯಿತು. ಸಿಲಿಕೋನ್ ಮಧ್ಯದಲ್ಲಿದೆ. ಮಾಮೂಲಿ ಪ್ಲಾಸ್ಟಿಕ್‌ಗಿಂತ ಬಿಸಿ ಚೆನ್ನಾಗಿ ತಡೆಯುತ್ತದೆ, ಮುಚ್ಚಳದ ರಬ್ಬರ್ ಉಂಗುರಕ್ಕೆ, ಸೌಟಿನ ತುದಿಗೆ ನನ್ನ ತಕರಾರಿಲ್ಲ. ಮೆಲಮೈನ್ ತಟ್ಟೆಗಳು ನೋಡಲು ಪಿಂಗಾಣಿ ಹಾಗಿದ್ದರೂ ಪ್ಲಾಸ್ಟಿಕ್ಕೇ, ಅವನ್ನು ಮೈಕ್ರೋವೇವ್‌ಗೆ ಇಡಲೇಬಾರದು.

ಇಲ್ಲಿ ನಾನು ಟೋಪಿ ಹಾಕಿಸಿಕೊಂಡ ಕಥೆ ಹೇಳಬೇಕು. "ಬಿದಿರಿನಿಂದ ಮಾಡಿದ್ದು, ಪ್ರಕೃತಿಗೆ ಹತ್ತಿರ" ಅಂತ ಬರೆದಿದ್ದ ಒಂದು ಕಾಫಿ ಲೋಟ ಕೊಂಡಿದ್ದೆ. ಮಾಸಲು ಹಸಿರು, ಮುಟ್ಟಿದರೆ ಮಣ್ಣಿನ ಪಾತ್ರೆಯ ಹಾಗೆ ಒರಟು. ಖುಷಿಯಿಂದ ಎರಡು ತಿಂಗಳು ಬಿಸಿ ಕಾಫಿ ಕುಡಿದೆ. ಒಂದು ದಿನ ಅಂಚು ಒಡೆಯಿತು, ಆ ಒಡೆದ ಜಾಗದಲ್ಲಿ ಬಿದಿರಿನ ನಾರು ಕಾಣಲಿಲ್ಲ, ಹೊಳೆಯುವ ಅಂಟಿನೊಳಗೆ ಚುಕ್ಕಿ ಚುಕ್ಕಿ ಪುಡಿ ಕಂಡಿತು. ಡಬ್ಬದ ತಳದ ಸಣ್ಣಕ್ಷರ ಓದಿದರೆ ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಅಂತೆ! ಇಂಥವನ್ನು ಮಾರುಕಟ್ಟೆಯಿಂದ ತೆಗೆಯಲು ಐರೋಪ್ಯ ಒಕ್ಕೂಟ 2021ರಲ್ಲಿ ಕಾರ್ಯಾಚರಣೆಯನ್ನೇ ಮಾಡಿತು. ಗೋಧಿ ಹುಲ್ಲಿನ ಲೋಟ, ತಟ್ಟೆ ಅಂತ ಬರುವುದೂ ಬಹಳ ಸಲ ಪಾಲಿಪ್ರೊಪಿಲೀನ್ ಎಂಬ ಮಾಮೂಲಿ ಪ್ಲಾಸ್ಟಿಕ್‌ಗೆ ಹುಲ್ಲಿನ ಪುಡಿ ಬೆರೆಸಿದ್ದು. ಜೋಳದ ಪ್ಲಾಸ್ಟಿಕ್ ಎಂಬ ಪಿಎಲ್‌ಎ ಕೂಡ ಪ್ಲಾಸ್ಟಿಕ್ಕೇ, ಅದೂ ಕಣ ಬಿಡುತ್ತದೆ. ಹಸಿರು ಬಣ್ಣ ನೋಡಿ ಮರುಳಾಗಬೇಡಿ.

ಚಹಾ ಕುಡಿಯುವವರಿಗೆ. ಹೊಳೆಯುವ, ತ್ರಿಕೋನ ಆಕಾರದ ಟೀ ಬ್ಯಾಗ್ ನೈಲಾನ್ ಅಥವಾ ಪೆಟ್ (ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್) ಬಲೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ 95 ಡಿಗ್ರಿ ನೀರಿನಲ್ಲಿ ಇಂಥ ಒಂದು ಬ್ಯಾಗ್ ಅದ್ದಿದಾಗ 1,160 ಕೋಟಿ ಮೈಕ್ರೋ ಕಣ ಬಂತು ಅಂದರು. ಈ ಸಂಖ್ಯೆ ಮೇಲೆ ಆಕ್ಷೇಪ ಬಂದಿದೆ, ಅವರು ಎಣಿಸಿದ್ದರಲ್ಲಿ ಬಹಳಷ್ಟು ನಿಜವಾದ ಪ್ಲಾಸ್ಟಿಕ್ ಚೂರಲ್ಲ, ನೀರಿಗೆ ಬಿಟ್ಟುಕೊಂಡ ಅಂಶ ಒಣಗಿ ಹರಳಾದದ್ದು ಅಂತ. ಜಗಳ ಅವರು ಬಗೆಹರಿಸಿಕೊಳ್ಳಲಿ. ಕುದಿಯುವ ನೀರಲ್ಲಿ ನೈಲಾನ್ ಬಲೆ ನೆನೆಹಾಕಿ ಕುಡಿಯುವ ಅವಶ್ಯಕತೆ ಯಾರಿಗೂ ಇಲ್ಲ. ಕಾಗದದ ಬ್ಯಾಗ್ ಅದಕ್ಕಿಂತ ವಾಸಿ, ಆದರೆ ಅಂಚು ಅಂಟಿಸಲು ಹಲವರು ಪ್ಲಾಸ್ಟಿಕ್ ಬಳಸುತ್ತಾರೆ. ಪುಡಿ ಹಾಕಿ ಕುದಿಸಿ ಸ್ಟೀಲ್ ಸೋಸುವ ಜಾಲರಿಯಲ್ಲಿ ಸೋಸಿದರೆ ರುಚಿಯೂ ಚೆಂದ.

ಕಾಗದದ ಲೋಟ ನಿಜಕ್ಕೂ ಕಾಗದದ್ದಲ್ಲ. ನೀರು ಸೋರದಿರಲು ಒಳಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಖರಗ್‌ಪುರ ಐಐಟಿಯ ಸಂಶೋಧಕರು ಅದಕ್ಕೆ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರು ಹಾಕಿ 15 ನಿಮಿಷ ಬಿಟ್ಟಾಗ ಮೈಕ್ರಾನ್ ಗಾತ್ರದ ಸುಮಾರು 25,000 ಕಣ ಸಿಕ್ಕವು. ದಿನಕ್ಕೆ ನಾಲ್ಕು ಸಲ ಆಫೀಸ್ ಮಷಿನ್ನಿನಿಂದ ಕುಡಿಯುವವರು ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಎಲ್ಲೋ ಕುಡಿಯುವವರು ತಲೆ ಕೆಡಿಸಿಕೊಳ್ಳಬೇಡಿ.

ಪುಟ್ಟ ಮಗುವಿದ್ದರೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಮೂರು ಪ್ರಶ್ನೆಗೂ ಇಲ್ಲಿ ಉತ್ತರ ಹೌದು. ಬಿಸಿ ಇದೆ, ಕುಲುಕಾಟ ಇದೆ, ದಿನಕ್ಕೆ ಆರೆಂಟು ಸಲ ಇದೆ.

ಐರ್ಲೆಂಡಿನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಪಾಲಿಪ್ರೊಪಿಲೀನ್ ಹಾಲಿನ ಬಾಟಲಿಗಳಿಂದ ಲೀಟರಿಗೆ 1 ಕೋಟಿ 62 ಲಕ್ಷ ಕಣಗಳ ತನಕ ಬಿಡುಗಡೆ ಆಗುತ್ತದೆ ಎಂದು ತೋರಿಸಿದರು. ನೀರಿನ ಬಿಸಿ 25 ಡಿಗ್ರಿಯಿಂದ 95ಕ್ಕೆ ಏರಿದಾಗ ಕಣಗಳು ಲೀಟರಿಗೆ 6 ಲಕ್ಷದಿಂದ 5 ಕೋಟಿ 50 ಲಕ್ಷಕ್ಕೆ ಏರಿದವು. ಬಿಸಿ ಏನು ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಗಾಜಿನ ಬಾಟಲಿ, ಸಿಲಿಕೋನ್ ನಿಪ್ಪಲ್ ಅತ್ಯುತ್ತಮ. ಒಡೆಯುತ್ತದೆ ಅನ್ನುವ ಭಯ ಇದ್ದರೆ ಸ್ಟೀಲ್ ಬಾಟಲಿ ಇದೆ, ಒಳಗೆ ಎಷ್ಟು ಹಾಲಿದೆ ಅಂತ ಕಾಣುವುದಿಲ್ಲ ಅನ್ನುವುದೊಂದೇ ಕಿರಿಕಿರಿ. ಪ್ಲಾಸ್ಟಿಕ್ ಬಾಟಲಿಯನ್ನೇ ಮುಂದುವರಿಸಬೇಕಾದರೆ ಹೀಗೆ ಮಾಡಿ. ಬಾಟಲಿಯನ್ನು ಎಂದಿನ ಹಾಗೆ ಕುದಿಸಿ ಶುದ್ಧ ಮಾಡಿ. ಕುದಿಸಿ ಆರಿಸಿದ ನೀರಿನಲ್ಲಿ ಅದನ್ನು ಮೂರು ಸಲ ಜಾಲಿಸಿ. ಹಾಲಿನ ಪುಡಿಯನ್ನು ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲೇ ಬಿಸಿ ನೀರಿಗೆ ಕಲಸಿ. ಮಗು ಕುಡಿಯುವ ಹದಕ್ಕೆ ಆರಿದ ಮೇಲೆ ಬಾಟಲಿಗೆ ಹಾಕಿ. ಬಾಟಲಿಯೊಳಗೆ ಬಿಸಿ ಹಾಲು ಕುಲುಕಬೇಡಿ, ಬಾಟಲಿಯನ್ನು ಮೈಕ್ರೋವೇವ್‌ಗೆ ಇಡಬೇಡಿ. ಒಂದು ಮಾತು ಮಾತ್ರ ಮರೆಯಬೇಡಿ: ಕಣದ ಭಯಕ್ಕೆ ಬಾಟಲಿ ಕುದಿಸುವುದನ್ನು ಬಿಡಬಾರದು. ಮಗುವಿಗೆ ಕ್ರಿಮಿಯ ಅಪಾಯ ಇವತ್ತಿನದು, ಖಚಿತವಾದದ್ದು.

ಕತ್ತರಿಸುವ ಮಣೆ, ಬಾಣಲೆ, ಸ್ಪಾಂಜು

ಪ್ಲಾಸ್ಟಿಕ್ ಚಾಪಿಂಗ್ ಬೋರ್ಡಿನ ಮಧ್ಯದಲ್ಲಿ ಒಂದು ತಗ್ಗು ಇರುತ್ತದೆ ನೋಡಿ, ಚಾಕು ಬಿದ್ದು ಬಿದ್ದು ಎದ್ದ ಎಳೆಗಳು, ಒದ್ದೆಯಾದಾಗ ನವಿರು ರೋಮದ ಹಾಗೆ ನಿಲ್ಲುತ್ತವೆ. ಅಮೆರಿಕದ ನಾರ್ತ್ ಡಕೋಟಾ ವಿಶ್ವವಿದ್ಯಾಲಯವೊಂದರ 2023ರ ಅಂದಾಜಿನಲ್ಲಿ ಒಂದು ಪಾಲಿಥಿಲೀನ್ ಬೋರ್ಡು ವರ್ಷಕ್ಕೆ 7ರಿಂದ 50 ಗ್ರಾಂ ತನಕ ಉದುರಿಸಬಹುದು. ಅದೇ ಅಧ್ಯಯನದಲ್ಲಿ ಇನ್ನೊಂದು ತಮಾಷೆ ಇದೆ: ಮರದ ಮಣೆ ಪ್ಲಾಸ್ಟಿಕ್‌ಗಿಂತ ಜಾಸ್ತಿ ಕಣ ಉದುರಿಸಿತು. ಆದರೆ ಅದು ಮರದ ನಾರು, ನಾವು ತಿನ್ನುವ ಸೊಪ್ಪಿನ ನಾರಿನ ಸಂಬಂಧಿ. ಅವರು ಇಲಿಯ ಜೀವಕೋಶಗಳ ಮೇಲೆ ಪ್ರಯೋಗ ಮಾಡಿದಾಗ ಪ್ಲಾಸ್ಟಿಕ್ ಕಣವೂ ಕೋಶಗಳನ್ನು ಗಮನಾರ್ಹವಾಗಿ ಕೊಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮತ ಒಂದೇ ತುಂಡಿನ ಗಟ್ಟಿ ಮರದ ಮಣೆಗೆ. ಚೂರು ಚೂರು ಅಂಟಿಸಿ ಮಾಡಿದ್ದರಲ್ಲಿ ಅಂಟು ಇರುತ್ತದೆ. ತೊಳೆದ ಮೇಲೆ ನಿಲ್ಲಿಸಿ ಒಣಗಿಸದಿದ್ದರೆ ಬೂಷ್ಟು ಬರುತ್ತದೆ, ಮಾಂಸಕ್ಕೂ ತರಕಾರಿಗೂ ಬೇರೆ ಬೇರೆ ಮಣೆ ಬೇಕು. ಗಾಜಿನ ಮಣೆ ಚಾಕುವಿನ ಶತ್ರು, ಬೇಡವೇ ಬೇಡ.

ನಾನ್‌ಸ್ಟಿಕ್ ಬಾಣಲೆಯ ಕಪ್ಪು ಪದರವೂ ಪ್ಲಾಸ್ಟಿಕ್ಕೇ ಅಂತ ಬಹಳ ಜನರಿಗೆ ಹೊಳೆಯುವುದಿಲ್ಲ. ಗೀರಿಲ್ಲದಿದ್ದರೆ, ಮರದ ಸೌಟು ಬಳಸಿದರೆ, ಖಾಲಿ ಕಾಯಿಸದಿದ್ದರೆ ಅದು ಸುಮ್ಮನಿರುತ್ತದೆ. ಪದರ ಎದ್ದರೆ ಆಸೆ ಬಿಡಿ. ಆಸ್ಟ್ರೇಲಿಯಾದ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದಂತೆ ಒಂದು ಗೀರಿನಿಂದ ಸುಮಾರು 9,100 ಕಣ, ಪದರ ಕಿತ್ತುಹೋದರೆ 23 ಲಕ್ಷ ಕಣ ಬೀಳಬಹುದು. ಬೀಡು ಕಬ್ಬಿಣ ಮೊದಲ ತಿಂಗಳು ಸತಾಯಿಸುತ್ತದೆ, ಎಣ್ಣೆ ಕುಡಿಸಿ ಪಳಗಿಸಿದ ಮೇಲೆ ನಾನ್‌ಸ್ಟಿಕ್ ನೆನಪೇ ಬರುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರಿಗೆ ಸ್ಟೀಲ್.

ಸ್ಪಾಂಜು: ಗೋಡೆಯ ಕಲೆ ಒರೆಸುವ ಬಿಳಿ ಮ್ಯಾಜಿಕ್ ಸ್ಪಾಂಜು ಮೆಲಮೈನ್ ನೊರೆ, ಉಜ್ಜಿದಷ್ಟೂ ಸವೆದು ಮಾಯವಾಗುತ್ತದೆ. ಪಾತ್ರೆಗೆ ಅದು ಬೇಡ. ಹೀರೆಕಾಯಿ ನಾರು, ಹತ್ತಿ ಬಟ್ಟೆ, ಸ್ಟೀಲ್ ಉಜ್ಜು ಸಾಕು. ಉಪ್ಪಿನಲ್ಲಿಯೂ ಕಣ ಇದೆ ಅಂತ ಕೇಳಿರುತ್ತೀರಿ, ಇದೆ, ಸಮುದ್ರದ ಉಪ್ಪಿನಲ್ಲಿ ಜಾಸ್ತಿ. ಆದರೆ ದಿನಕ್ಕೆ ತಿನ್ನುವುದೇ ಚಮಚದಷ್ಟು. ಅದಕ್ಕೆ ನಿದ್ದೆ ಕೆಡಬೇಡಿ.

ಉಸಿರಲ್ಲಿ ಬರುವುದು

ಎಲ್ಲರೂ ತಟ್ಟೆ ನೋಡುತ್ತಾರೆ, ಗಾಳಿ ಮರೆಯುತ್ತಾರೆ. ಬೆಳಿಗ್ಗೆ ಕಿಟಕಿಯಿಂದ ಬಿಸಿಲಿನ ಕೋಲು ಬಿದ್ದಾಗ ಅದರಲ್ಲಿ ಕುಣಿಯುವ ಎಳೆಗಳನ್ನು ಗಮನಿಸಿ, ಉಣ್ಣೆಯ ಹೊದಿಕೆ ಒಮ್ಮೆ ಕೊಡವಿ ಮತ್ತೆ ನೋಡಿ. ಅದರಲ್ಲಿ ಚರ್ಮದ ಪುಡಿ, ಹತ್ತಿಯ ಎಳೆಗಳ ಜೊತೆ ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಳೆಗಳೂ ಇವೆ. ಸಿಡ್ನಿಯ 32 ಮನೆಗಳಲ್ಲಿ ತಾನಾಗಿ ಬಿದ್ದ ಧೂಳನ್ನು ಒಂದು ತಿಂಗಳು ಸಂಗ್ರಹಿಸಿ ನೋಡಿದ 2021ರ ಅಧ್ಯಯನದಲ್ಲಿ ಕಣಗಳ ಪೈಕಿ ಶೇಕಡಾ 39 ಮೈಕ್ರೋಪ್ಲಾಸ್ಟಿಕ್. ಕಾರ್ಪೆಟ್ ಹಾಸಿದ ಮನೆಗಳಲ್ಲಿ ಕೃತಕ ಎಳೆ ಹೆಚ್ಚುಕಮ್ಮಿ ದುಪ್ಪಟ್ಟು. ಆಗಾಗ ವ್ಯಾಕ್ಯೂಮ್ ಮಾಡುವವರ ಮನೆಯಲ್ಲಿ ಕಮ್ಮಿ.

ಒಣ ಪೊರಕೆ ಧೂಳನ್ನು ಎಬ್ಬಿಸಿ ಮತ್ತೆ ಮೂಗಿಗೇ ಕೊಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು ಅದಕ್ಕಿಂತ ಎಷ್ಟೋ ಮೇಲು, ದುಡ್ಡೂ ಬೇಡ. ವ್ಯಾಕ್ಯೂಮ್ ಕೊಳ್ಳುವುದಾದರೆ ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಊದುತ್ತದೆ. ಕಾರ್ಪೆಟ್ ಮತ್ತು ಖಾಲಿ ನೆಲದ ನಡುವೆ ಆಯ್ಕೆ ಇದ್ದರೆ ಖಾಲಿ ನೆಲ. ಮಗು ತೆವಳುವ ಕೋಣೆಗಂತೂ ಖಂಡಿತ.

ಬಟ್ಟೆ ಒಗೆಯುವುದರಲ್ಲಿ ಒಂದು ಗೊಂದಲ ಇದೆ. 6 ಕಿಲೋ ಅಕ್ರಿಲಿಕ್ ಬಟ್ಟೆ ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆ ಉದುರುತ್ತದೆ ಅಂತ ಪ್ಲಿಮತ್‌ನವರು 2016ರಲ್ಲಿ ತೋರಿಸಿದರು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಮೇಲಿನಿಂದ ಬಟ್ಟೆ ಹಾಕುವ ಮಷಿನ್, ಮುಂದಿನಿಂದ ಹಾಕುವುದಕ್ಕಿಂತ ಸುಮಾರು ಏಳು ಪಟ್ಟು ಎಳೆ ಉದುರಿಸಿತು. ಜಾಸ್ತಿ ನೀರು ಸುರಿಯುವ ಡೆಲಿಕೇಟ್ ಮೋಡ್ ಮೆದುವಾಗಿ ಒಗೆಯುತ್ತದೆ ಅಂತ ನಾವು ಅಂದುಕೊಂಡರೆ ಅದೇ ಜಾಸ್ತಿ ಎಳೆ ಕೀಳುತ್ತದಂತೆ. ಆದರೆ ಈ ಎಳೆಗಳು ಹೋಗುವುದು ಚರಂಡಿಗೆ, ಅಲ್ಲಿಂದ ನದಿಗೆ. ಮಷಿನ್‌ಗೆ ಹಾಕುವ ಎಳೆ ಹಿಡಿಯುವ ಫಿಲ್ಟರ್ ನದಿಗೆ ಮಾಡುವ ಉಪಕಾರ, ಮಾಡಿ, ಆದರೆ ನಿಮ್ಮ ಶ್ವಾಸಕೋಶಕ್ಕೆ ಅದರಿಂದ ಹೆಚ್ಚೇನೂ ಇಲ್ಲ. ನಿಮ್ಮ ಉಸಿರಿಗೆ ಹತ್ತಿರ ಇರುವುದು ತಲೆದಿಂಬು, ಹಾಸಿಗೆ ಹೊದಿಕೆ. ರಾತ್ರಿ ಎಂಟು ಗಂಟೆ ಮೂಗು ಅದಕ್ಕೇ ಒತ್ತಿಕೊಂಡು ಮಲಗುತ್ತೀರಿ. ಹೊಸದು ಕೊಳ್ಳುವ ಸಮಯ ಬಂದಾಗ ಮೊದಲು ದಿಂಬಿನ ಕವರನ್ನು ಹತ್ತಿಗೆ ಬದಲಿಸಿ. ಸೋಫಾ, ಪರದೆ, ಚಳಿಕೋಟು ಆಮೇಲೆ ನೋಡಿಕೊಳ್ಳಬಹುದು.

ಬದಲಿಸಬೇಡಿ, ಕೊಳ್ಳಬೇಡಿ

ರಕ್ತದಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಅಂತ ಹೇಳುವ ಪರೀಕ್ಷೆ ಮಾರುತ್ತಾರೆ. ಸಂಖ್ಯೆ ಬಂದ ಮೇಲೆ ಏನು ಮಾಡುತ್ತೀರಿ? ಎಷ್ಟು ಇದ್ದರೆ ಅಪಾಯ ಅನ್ನುವ ಮಿತಿಯೇ ಇಲ್ಲ. ಮೈಯಿಂದ ಪ್ಲಾಸ್ಟಿಕ್ ಹೊರಹಾಕುವ ಪುಡಿ, ಕಷಾಯ, ಮಾತ್ರೆ ಅಂತ ಬಂದರೆ ಬಾಗಿಲು ಹಾಕಿಕೊಳ್ಳಿ, ಹಾಗೆ ಮಾಡುತ್ತದೆ ಅಂತ ಸಾಬೀತಾದದ್ದು ಒಂದೂ ಇಲ್ಲ.

ಒಣ ಕಾಳು, ಅಕ್ಕಿ, ಸಕ್ಕರೆ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳು ಇದ್ದಲ್ಲೇ ಇರಲಿ. ಬಿಸಿ ಇಲ್ಲ, ಎಣ್ಣೆ ಇಲ್ಲ, ಕೆರೆತ ಇಲ್ಲ. ಬಕೆಟ್, ಬುಟ್ಟಿ, ಹ್ಯಾಂಗರ್ ಯಾವುದರ ಗೊಡವೆಯೂ ಬೇಡ. ಮೊದಲು ಹೇಳಿದ ಆ ಮಂಜು ಕವಿದ ಡಬ್ಬಿಗಳನ್ನೂ ನಾನು ಬಿಸಾಡಲಿಲ್ಲ. ಒಂದರಲ್ಲಿ ಈಗ ಸ್ಕ್ರೂ, ಮೊಳೆ, ಇನ್ನೊಂದರಲ್ಲಿ ಹಳೇ ಬಟನ್‌ಗಳು, ಮುಚ್ಚಳ ಸೊಟ್ಟಗಾದ ಮೂರನೆಯದರಲ್ಲಿ ಯಾವುದಕ್ಕೆ ಸೇರಿದ್ದು ಅಂತ ಯಾರಿಗೂ ಗೊತ್ತಿಲ್ಲದ ಒಂದು ರಾಶಿ ಚಾರ್ಜರ್ ವಯರ್.